ದೇವರ ಚಿತ್ತ ಯಾರ ಬಾಯಲ್ಲಿ?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ದೇವರನ್ನು ಕೇಳುವುದು ಅಂದರೆ ಎಲ್ಲರಿಗೂ ಗೊತ್ತು. ಬೋರು ಎಲ್ಲಿ ಕೊರೆಸಬೇಕು, ಮಗಳನ್ನು ಯಾವ ಊರಿಗೆ ಕೊಡಬೇಕು, ಈ ವರ್ಷ ಈರುಳ್ಳಿ ಹಾಕಬೇಕೋ ರಾಗಿ ಬಿತ್ತಬೇಕೋ, ಎಲ್ಲಕ್ಕೂ ಅಪ್ಪಣೆ ಬೇಕು. ಬಲಗಡೆ ಹೂ ಬಿದ್ದರೆ ಸೈ, ಎಡಗಡೆ ಬಿದ್ದರೆ ಬೇಡ. ಬೀರೂರಿನಲ್ಲಿ ದಸರಾ ಹೊತ್ತಿಗೆ ಮೈಲಾರಲಿಂಗಸ್ವಾಮಿಯ ಕಾರಣಿಕ ಆಗುತ್ತದೆ. ಒಂದೇ ಒಂದು ಒಗಟಿನಂಥ ಮಾತು. ಅದನ್ನು ಕೇಳಿದ ರೈತ ಮಳೆಯ ಲೆಕ್ಕ ಹಾಕುತ್ತಾನೆ, ರಾಜಕಾರಣಿ ಕುರ್ಚಿಯ ಲೆಕ್ಕ ಹಾಕುತ್ತಾನೆ. ಮಾತು ಒಂದೇ, ಅರ್ಥ ಮಾತ್ರ ಅವರವರ ಹೊಟ್ಟೆಗೆ ತಕ್ಕಂತೆ.

ಇದೇ ಸೀಮೆಯ ಕ್ರೈಸ್ತರ ಮನೆಗಳಲ್ಲೂ ಪ್ರಶ್ನೆ ಇದೇ. ಅಲ್ಲಿ ಹೂವಿನ ಬದಲು ಪುಸ್ತಕ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ಕಡೆ ಓದಿ "ಕರ್ತನು ತೋರಿಸಿದ" ಅನ್ನುವವರಿದ್ದಾರೆ. ಈ ಕೆಲಸಕ್ಕೆ ಹೋಗಲೋ ಬೇಡವೋ, ಈ ಹುಡುಗನನ್ನು ಮದುವೆಯಾಗಲೋ ಬೇಡವೋ, ದೇವರ ಚಿತ್ತ ಏನು ಅಂತ ಮೊಣಕಾಲೂರಿ ಕೇಳುತ್ತಾರೆ.

ಇದನ್ನು ಕಂಡು ನಗುವುದು ಸುಲಭ. ನಾನು ನಗಲಾರೆ. ವಕೀಲನ ಫೀಸಿಗೆ ದುಡ್ಡಿಲ್ಲದವನು, ಡಾಕ್ಟರು ಸಿಗದ ಊರಿನವನು, ಸಾಲ ಹೊತ್ತು ಬಿತ್ತನೆಗೆ ನಿಂತವನು ಯಾರನ್ನಾದರೂ ಕೇಳಲೇಬೇಕಲ್ಲ? ರಾಹುಕಾಲ ನೋಡಿ ಕಾರು ಹೊರಡಿಸುವ ಆಫೀಸರು ಹೂ ಕೇಳುವ ಮುದುಕಿಯನ್ನು ಮೂಢೆ ಅನ್ನಬಾರದು. ಕೇಳುವುದು ತಪ್ಪಲ್ಲ. ಉತ್ತರ ಯಾರ ಬಾಯಿಂದ ಬರುತ್ತದೆ, ಅದರಿಂದ ಯಾರಿಗೆ ಲಾಭ, ಅದನ್ನು ನೋಡಬೇಕು.

ಹೂ ತಾನಾಗಿ ಮಾತಾಡುವುದಿಲ್ಲ. ಅದಕ್ಕೆ ಅರ್ಥ ಹೇಳುವವನು ಬೇಕು. ಅವನಿಗೆ ಒಂದು ಜಾತಿ ಇದೆ, ಒಂದು ಜಮೀನು ಇದೆ, ಊರಿನಲ್ಲಿ ಒಂದು ಸ್ಥಾನ ಇದೆ. ಬಾಚಣಿಗೆ, ಎಣ್ಣೆ ಕಾಣದ ಬಡ ಹುಡುಗಿಯ ಕೂದಲು ಗಂಟುಕಟ್ಟಿ ಜೆಡೆಯಾದರೆ "ಎಲ್ಲಮ್ಮ ಕರೆದಳು" ಅಂತ ಅರ್ಥ ಹೇಳಿದರು. ಮುತ್ತು ಕಟ್ಟಿಸಿಕೊಂಡವರು ಹೆಚ್ಚಾಗಿ ನಮ್ಮ ಕೇರಿಗಳ ಹೆಣ್ಣುಮಕ್ಕಳೇ. ಅದನ್ನು ನಿಲ್ಲಿಸಲು 1982ರ ಕಾಯಿದೆ ಬೇಕಾಯಿತು. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ರೇಣುಕಾಂಬೆಯ ಇಷ್ಟ ಅಂದರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು ಬೆತ್ತಲೆ ಮಾಡಿದರು. ದೇವಿಯ ಇಷ್ಟ ಗೌಡರ ಸೊಸೆಯ ಸೀರೆಗೆ ಕೈ ಹಾಕಿದ್ದನ್ನು ಯಾರಾದರೂ ಕಂಡಿದ್ದಾರೆಯೇ?

ಕೇರಿಯ ಹಿರಿಯರಲ್ಲಿ ಕೆಲವರು ಚರ್ಚಿನ ಬಾಗಿಲಿಗೆ ಹೋದದ್ದಕ್ಕೆ ಹಲವು ಕಾರಣ. ಅವುಗಳಲ್ಲಿ ಇದೂ ಒಂದು ಎಂದು ನಾನು ತಿಳಿದಿದ್ದೇನೆ: ನಡುವೆ ಯಾರೂ ನಿಲ್ಲದೆ, ದೂರ ನಿಲ್ಲಿಸದೆ, ನಮ್ಮದೇ ಮಾತಿನಲ್ಲಿ ಕೇಳುವ ದೇವರೊಬ್ಬ ಬೇಕಾಗಿದ್ದ. ಆದರೆ ನಡುವಿನವನು ಅಲ್ಲಿಗೂ ಬಂದ. "ನಿಮಗಾಗಿ ದೇವರು ನನ್ನ ಹತ್ತಿರ ಮಾತಾಡಿದ" ಅನ್ನುವ ಪ್ರವಾದಿಗಳು ಈಗ ಮೈಕು ಹಿಡಿದು ಸಭೆ ನಡೆಸುತ್ತಾರೆ. ಆಸ್ಪತ್ರೆಯಲ್ಲಿ ಡಾಕ್ಟರಿಲ್ಲದೆ ಕೂಸು ಸತ್ತರೆ "ದೇವರ ಚಿತ್ತ, ಸಹಿಸಿಕೋ ತಾಯಿ" ಅನ್ನುತ್ತಾರೆ. ಹಿಂದೆ ಕರ್ಮ ಅನ್ನುತ್ತಿದ್ದರು, ಈಗ ಚಿತ್ತ ಅನ್ನುತ್ತಾರೆ. ತಾಯಿಗೆ ಏನು ವ್ಯತ್ಯಾಸವಾಯಿತು? ಖಾಲಿ ಬಿದ್ದ ಡಾಕ್ಟರ ಹುದ್ದೆ ದೇವರ ಚಿತ್ತವಲ್ಲ, ಸರ್ಕಾರದ ಅಲಕ್ಷ್ಯ.

ಹಾಗಾದರೆ ಕ್ರೈಸ್ತನಿಗೆ ದೇವರ ಚಿತ್ತವನ್ನು ತಿಳಿಯುವ ದಾರಿಯೇ ಇಲ್ಲವೇ? ಅವನ ಪುಸ್ತಕವನ್ನೇ ನಮ್ಮ ಕಣ್ಣಿಂದ ಓದೋಣ. ಗಿದ್ಯೋನ ಕಣದಲ್ಲಿ ತುಪ್ಪಟ ಹಾಸಿ ಇಬ್ಬನಿಯ ಗುರುತು ಕೇಳಿದ. ಒಂದು ಸಲ ಸಿಕ್ಕಿತು. ಸಾಲಲಿಲ್ಲ, ತಿರುಗಿಸಿ ಇನ್ನೊಂದು ಸಲ ಕೇಳಿದ. ಗುರುತು ಬೇಡುವವನ ಅನುಮಾನ ಗುರುತಿನಿಂದ ತೀರುವುದಿಲ್ಲ ಅನ್ನುವುದಕ್ಕೆ ಅವನೇ ಸಾಕ್ಷಿ. ಯೂದನ ಜಾಗಕ್ಕೆ ಮತ್ತೀಯನನ್ನು ಶಿಷ್ಯರು ಚೀಟಿ ಹಾಕಿ ಆರಿಸಿದರು. ಅಪೊಸ್ತಲರ ಕೃತ್ಯಗಳಲ್ಲಿ ಅದು ಮೊದಲನೆಯ ಅಧ್ಯಾಯ. ಆಮೇಲೆ ಆ ಪುಸ್ತಕದಲ್ಲಿ ಅವರು ಮತ್ತೆ ಚೀಟಿ ಹಾಕುವುದಿಲ್ಲ. ಹದಿನೈದನೆಯ ಅಧ್ಯಾಯದ ಹೊತ್ತಿಗೆ ಯೆರೂಸಲೇಮಿನಲ್ಲಿ ಕೂತು ವಾದ ಮಾಡುತ್ತಾರೆ, ಕಂಡವರ ಸಾಕ್ಷಿ ಕೇಳುತ್ತಾರೆ, ತೀರ್ಮಾನವನ್ನು ಪತ್ರದಲ್ಲಿ ಬರೆದು ಕಳಿಸುತ್ತಾರೆ.

ಎಲ್ಲಕ್ಕಿಂತ ನಮಗೆ ಹತ್ತಿರವಾದದ್ದು ಪೇತ್ರನ ಕತೆ. ಯೊಪ್ಪ ಊರಿನ ಮಾಳಿಗೆಯ ಮೇಲೆ ಅವನು ಹಸಿದಿದ್ದಾಗ ಒಂದು ದರ್ಶನವಾಯಿತು. ಆಕಾಶದಿಂದ ಒಂದು ದುಪ್ಪಟಿ ಇಳಿಯಿತು. ಅದರಲ್ಲಿ ಅವನ ಕುಲಾಚಾರಕ್ಕೆ ಮೈಲಿಗೆಯಾದ ಪ್ರಾಣಿಗಳು. ತಿನ್ನು ಅಂತ ಅಪ್ಪಣೆ. ಮೂರು ಸಲ ಆದರೂ ಪೇತ್ರನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಯಾವಾಗ? ಕೊರ್ನೇಲ್ಯ ಎಂಬ ಪರಜಾತಿಯವನ ಮನೆಯ ಹೊಸಿಲು ದಾಟಿದಾಗ. ಇದು ಊಟದ ಮಾತಲ್ಲ, ಮನುಷ್ಯನ ಮಾತು, ಯಾವ ಮನುಷ್ಯನನ್ನೂ ಮೈಲಿಗೆ ಅನ್ನಬಾರದು ಅಂತ ಅವನಿಗೆ ಹೊಳೆದದ್ದು ಅಲ್ಲಿ. ಆ ಚಿತ್ತ ಅವನಿಗೆ ಮಾಳಿಗೆಯ ಮೇಲೆ ತಿಳಿಯಲಿಲ್ಲ, ಹೊಸಿಲಿನ ಒಳಗೆ ತಿಳಿಯಿತು.

ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪೌಲ ಗಲಾತ್ಯದವರಿಗೆ ಬರೆದ ಪತ್ರ ಇನ್ನೊಂದು ಸಂಗತಿ ಹೇಳುತ್ತದೆ. ಅಂತಿಯೋಕ್ಯದಲ್ಲಿ ಪೇತ್ರ ಪರಜಾತಿಯವರ ಜೊತೆ ಕೂತು ಉಣ್ಣುತ್ತಿದ್ದ. ತನ್ನ ಕಡೆಯ ದೊಡ್ಡವರು ಬಂದ ಕೂಡಲೇ ಹೆದರಿ ಪಂಕ್ತಿಯಿಂದ ಎದ್ದುಬಿಟ್ಟ. ಪೌಲ ಎಲ್ಲರೆದುರು, ಮುಖಕ್ಕೆ ಮುಖ ಕೊಟ್ಟು ಅವನನ್ನು ಕೇಳಿದ. ನೋಡಿ, ದರ್ಶನ ಕಂಡವನೇ ಎಲೆ ಬಿಟ್ಟು ಎದ್ದ! ಅವನನ್ನು ತಿದ್ದಿದ್ದು ಇನ್ನೊಂದು ದರ್ಶನವಲ್ಲ, ಎದುರು ನಿಂತು ಪ್ರಶ್ನೆ ಕೇಳಿದ ಒಬ್ಬ ಜೊತೆಗಾರ.

ಭಾರತದ ಚರ್ಚುಗಳು ಅಂತಿಯೋಕ್ಯದ ಆ ಪಂಕ್ತಿಯಲ್ಲೇ ಸಿಕ್ಕಿಕೊಂಡಿವೆ. ಸಭೆಯೊಳಗೆ ಜಾತಿ ಕೂಡದು ಅಂತ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣದ ಸಭೆಗಳಿಗೆ ಕಟ್ಟುನಿಟ್ಟಾಗಿ ಬರೆದ. 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನ ದಲಿತರಿಗಾಗಿ ಒಂದು ನೀತಿ ಪ್ರಕಟಿಸಿ, ತಮ್ಮ ಸಭೆಯಲ್ಲಿ ಅಸ್ಪೃಶ್ಯತೆ ಇನ್ನೂ ಇದೆ ಎಂದು ಒಪ್ಪಿಕೊಂಡಿತು. ಸಭೆಗಳು ಬೇರೆ, ರೋಗ ಒಂದೇ. ನಡುವೆ 183 ವರ್ಷ. ಅಷ್ಟು ವರ್ಷ ದೇವರ ಚಿತ್ತ ತಿಳಿಯಲಿಲ್ಲವೇ? ತಿಳಿದಿತ್ತು. ಎದ್ದು ಹೋಗಿ ಪಕ್ಕದಲ್ಲಿ ಕೂರುವ ಧೈರ್ಯ ಇರಲಿಲ್ಲ.

ಇದರಿಂದ ನನಗೆ ಮೂರು ಒರೆಗಲ್ಲು ಸಿಗುತ್ತವೆ. ಒಂದು: ಇದು ದೇವರ ಚಿತ್ತ ಅಂತ ಹೇಳುವವನೇ ಅದರ ನೋವು ಹೊರುತ್ತಾನೋ? ಗೆತ್ಸೇಮನೆಯ ತೋಟದಲ್ಲಿ ಯೇಸು ತಂದೆಯ ಇಷ್ಟಕ್ಕೆ ಒಪ್ಪಿಕೊಂಡ. ಆದರೆ ಶಿಲುಬೆ ಹೊತ್ತದ್ದು ತನ್ನ ಬೆನ್ನ ಮೇಲೆ. ಇನ್ನೊಬ್ಬರ ಬೆನ್ನ ಮೇಲೆ ಹೊರಿಸುವ ಚಿತ್ತ ಧಣಿಯದು, ದೇವರದಲ್ಲ. ಎರಡು: ಈಗಾಗಲೇ ಗೊತ್ತಿರುವುದಕ್ಕೆ ಅದು ವಿರುದ್ಧವೋ? ನ್ಯಾಯ ಮಾಡು, ಕರುಣೆ ಇರಲಿ, ತಲೆ ತಗ್ಗಿಸಿ ನಡೆ ಎಂಬಷ್ಟನ್ನೇ ಮೀಕ ಪ್ರವಾದಿ ಕೇಳಿದ. ಊರ ಬಾವಿಯ ನೀರು ಎಲ್ಲರಿಗೂ ಸಿಗಬೇಕೋ ಬೇಡವೋ ಅನ್ನುವುದಕ್ಕೆ ಹೂ ಕೇಳಬೇಕಾಗಿಲ್ಲ. ಮೂರು: ನಾಲ್ಕು ಜನರ ಎದುರು, ಅದರಲ್ಲೂ ಕೆಳಗೆ ಕೂತವರ ಎದುರು, ಅದನ್ನು ಪರೀಕ್ಷೆಗೆ ಇಡಬಹುದೋ? ಪ್ರವಾದಿ ಮಾತಾಡಿದರೆ ಉಳಿದವರು ತೂಗಿ ನೋಡಲಿ ಅಂತ ಪೌಲನೇ ಕೊರಿಂಥದವರಿಗೆ ಹೇಳಿದ್ದಾನೆ. ಪ್ರಶ್ನೆ ಕೇಳಬೇಡ ಅನ್ನುವ ಪ್ರವಾದಿಯನ್ನು ಅಲ್ಲೇ ಬಿಟ್ಟು ಎದ್ದು ಬರಬಹುದು.

ಈ ಕಲ್ಲುಗಳಿಗೆ ಒಂದು ಕಷ್ಟದ ಸಂಗತಿಯನ್ನು ಉಜ್ಜಿ ನೋಡೋಣ. ತರೀಕೆರೆಯ ಒಬ್ಬ ದಲಿತ ಹುಡುಗ ಕ್ರಿಸ್ತನನ್ನು ನಂಬಿದ್ದಾನೆ ಅಂತ ಇಟ್ಟುಕೊಳ್ಳಿ. ಕಾಲೇಜಿನ ಅರ್ಜಿ ಮುಂದಿದೆ. ಧರ್ಮದ ಕಾಲಮ್ಮಿನಲ್ಲಿ ಕ್ರೈಸ್ತ ಅಂತ ಬರೆದರೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ಹೋಯಿತು, ವಿದ್ಯಾರ್ಥಿವೇತನ ಹೋಯಿತು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಇದನ್ನು ಪರಿಶೀಲಿಸಲು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿದ್ದು 2022ರಲ್ಲಿ. ಮತ ಬದಲಾದ ದಿನವೇ ಊರಿನ ಹೋಟೆಲಿನವನು ಅವನ ಲೋಟ ಬದಲಿಸಿದನೇ? ಇಲ್ಲ.

ಆ ಹುಡುಗ ದೇವರ ಚಿತ್ತ ಏನು ಅಂತ ಕೇಳಿದರೆ ಏನು ಹೇಳೋಣ? "ಸತ್ಯ ಬರೆ, ಕರ್ತನು ನೋಡಿಕೊಳ್ಳುತ್ತಾನೆ" ಅನ್ನುವುದು ಸುಲಭ. ಮೊದಲ ಕಲ್ಲಿಗೆ ಉಜ್ಜಿ. ಹೇಳುವವರು ಏನು ಹೊರುತ್ತಾರೆ? ಸುಳ್ಳು ಬರೆ ಅಂತ ನಾನೂ ಹೇಳುವುದಿಲ್ಲ. ಸುಳ್ಳು ಒಳಗೊಳಗೇ ಮನುಷ್ಯನನ್ನು ತಿನ್ನುತ್ತದೆ, ನಾಳೆ ಅವನ ಕೆಲಸಕ್ಕೂ ಕುತ್ತು ತರುತ್ತದೆ. ಆದರೆ ಸತ್ಯದ ಬೆಲೆಯನ್ನು ಎಲ್ಲರಿಗಿಂತ ಬಡವನೊಬ್ಬನೇ ಕಟ್ಟಬೇಕು ಅನ್ನುವುದು ಯಾವ ನ್ಯಾಯ? ಅವನು ಸತ್ಯ ಬರೆಯಬೇಕಾದರೆ ಸಭೆ ಅವನ ಫೀಸು ಕಟ್ಟಲಿ, ಆ ಆದೇಶದ ವಿರುದ್ಧ ಬೀದಿಗೆ ಬರಲಿ. ಕ್ರೈಸ್ತನಲ್ಲದ ನಾವೂ ಅವನ ಜೊತೆ ನಿಲ್ಲೋಣ. ಚಿತ್ತ ಏನು ಅಂತ ಅವನೊಬ್ಬನೇ ರಾತ್ರಿ ಕೂತು ಅಳುವ ಪ್ರಶ್ನೆ ಇದಲ್ಲ. ಇದು ಇಡೀ ಸಭೆ ಉತ್ತರ ಕೊಡಬೇಕಾದ ಪ್ರಶ್ನೆ.

ಗೆಳೆಯರು ಕೇಳಬಹುದು: ಎಲ್ಲವನ್ನೂ ಬುದ್ಧಿಯೇ ತೂಗುವುದಾದರೆ ಪ್ರಾರ್ಥನೆ ಯಾಕೆ? ಬಾಬಾಸಾಹೇಬರು 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂದರು. ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ಇಪ್ಪತ್ತೊಂದು ವರ್ಷ ಅವರು ಗುರುತಿಗಾಗಿ ಕಾಯಲಿಲ್ಲ. ಓದಿದರು, ಧರ್ಮಗಳನ್ನು ತೂಗಿದರು, ಜನರ ಜೊತೆ ಮಾತಾಡಿದರು. ನನಗೆ ಆ ದಾರಿ ಸಾಕು. ನಂಬುವವರಿಗೆ ಪ್ರಾರ್ಥನೆ ಬೇಡ ಅನ್ನಲು ನಾನು ಯಾರು? ಅವರಿಗೆ ಇಷ್ಟೇ ಹೇಳಬಲ್ಲೆ. ದಾರಿ ಯಾವುದು ಅಂತ ಕೇಳುವ ಪ್ರಾರ್ಥನೆಗಳಲ್ಲಿ ಬಹಳಷ್ಟಕ್ಕೆ ಉತ್ತರ ಮೊದಲೇ ಗೊತ್ತಿದೆ. ಕೇರಿಯಿಂದ ಬಾವಿಗೆ ದಾರಿ ಯಾವುದು ಅಂತ ಎಲ್ಲರಿಗೂ ಗೊತ್ತು. ಕಾಲು ನಡುಗುತ್ತದೆ, ಅಷ್ಟೇ. ಆ ಕಾಲಿಗೆ ಬಲ ಕೊಡು ಅಂತ ಬೇಡಿಕೊಳ್ಳಿ. ಬೇಡಿಕೊಂಡು ಎದ್ದ ಮೇಲೆ ಕೊಡ ಹಿಡಿದು ಬನ್ನಿ, ಒಟ್ಟಿಗೇ ಹೋಗೋಣ.