ಜವಾಬ್ದಾರಿ ಎಂಬ ಮಾತು

ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆ ಇದೆ. ಅಲ್ಲಿ ಕೊಳೆತ ಹಣ್ಣು ಕೊಟ್ಟವನನ್ನು ಮರುದಿನ ಹೋಗಿ ಕೇಳಬಹುದು. ಅವನು ವಾದಿಸಿಯಾನು, ಮುಖ ತಪ್ಪಿಸಲಾರ. ಕಂಪೆನಿಯ ವೆಬ್‌ಸೈಟಿಗೆ ಮುಖವೇ ಇಲ್ಲ. ದುಡ್ಡು ಕಟ್ಟುವ ಜಾಗ ಕೂಡಲೇ ಕಾಣುತ್ತದೆ, ದೂರು ಹೇಳುವ ಜಾಗ ಹುಡುಕಿದರೂ ಸಿಗದು.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ದೂರಿನ ಸಂಖ್ಯೆಯೇನೋ ಬರುತ್ತದೆ, ಉತ್ತರ ಬರುವುದಿಲ್ಲ. ಕೊನೆಗೆ ಫೋನೆತ್ತಿದ ಹುಡುಗಿಯ ಮೇಲೆ ನಾವು ರೇಗುತ್ತೇವೆ. ಅವಳು ಕೆ.ಆರ್. ಪುರದ ನಮ್ಮ ನೆರೆಮನೆಯವಳೇ ಇರಬಹುದು. ಹಣ ಹಿಂದಿರುಗಿಸುವ ಅಧಿಕಾರ ಅವಳಿಗಿಲ್ಲ.

ನಾವು ದಿನವೂ ಆಡುವ 'ಜವಾಬ್ದಾರಿ'ಯೊಳಗೆ ಉರ್ದುವಿನ 'ಜವಾಬ್' ಇದೆ, ಅಂದರೆ ಉತ್ತರ. ಹಣ ಪಡೆದವನೇ ಉತ್ತರ ಕೊಡಬೇಕು. ಅವಳನ್ನು ಮುಂದೆ ಕೂರಿಸಿ ಮರೆಯಾಗುವುದು ಅವನ ಅನ್ಯಾಯ. ಅವಳ ಮೇಲೆ ಕೂಗಾಡಿ ಹಗುರಾಗುವುದು ನಮ್ಮದು.