ಹೊಸ್ತಿಲು ದಾಟಿದ ಯುದ್ಧ

● ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ಟಿಪ್ಪು ಕಟ್ಟಿಸಿದ್ದು 1792ರಲ್ಲಿ. ನಕ್ಷತ್ರದ ಆಕಾರ, ಎಂಟು ಮೂಲೆ. ಒಂದೊಂದು ಮೂಲೆಯೂ ಹೊರಗೇ ಕಣ್ಣು ನೆಟ್ಟಿದೆ. ಯುದ್ಧ ಹೊರಗಿನಿಂದ ಬರುತ್ತದೆ ಎಂದು ನಂಬಿದ್ದ ಕಾಲ ಅದು.

● ಕೋಟೆಗೆ ಒಳಗು ಹೊರಗು ಉಂಟು. ಊರಿನೊಳಗೆ ನಡೆಯುವ ಯುದ್ಧಕ್ಕೆ ಅವೆರಡೂ ಇಲ್ಲ. ಅಲ್ಲಿ ಅಡುಗೆಮನೆಯೇ ಗಡಿ, ಮೆಟ್ಟಿಲೇ ರಣರಂಗ.

● ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಟಿಪ್ಪು ಮಡಿದ ಮೇಲೂ ರಾತ್ರಿಯೆಲ್ಲ ಲೂಟಿ ನಡೆಯಿತು. ಸುಲ್ತಾನನ ದೇಹ ಸಿಕ್ಕ ಜಾಗಕ್ಕೆ ಇಂದು ಕಲ್ಲಿನ ಗುರುತಿದೆ. ಆ ರಾತ್ರಿ ಬಾಗಿಲು ಮುರಿಸಿಕೊಂಡ ಮನೆಗಳಿಗೆ ಯಾವ ಗುರುತೂ ಇಲ್ಲ.

● ಮೂರು ವರ್ಷದೊಳಗೆ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಮಂಜರಾಬಾದಿನ ಮಲೆಗೂ ಹತ್ತಿ ಬಂತು. ಬಲಂ ಪಾಳೆಯಗಾರ ಕಾಡನ್ನೇ ಕೋಟೆ ಮಾಡಿಕೊಂಡಿದ್ದ; 1802ರಲ್ಲಿ ಅವನನ್ನು ಗಲ್ಲಿಗೇರಿಸಿದರು. ದಾರಿ ಕಾಣದ ಕಡೆ ಕಾದುವ ಸಿಪಾಯಿಗೆ ಮರವಾದರೇನು, ಮಹಡಿಯಾದರೇನು? ಮುಂದಿನ ಹೆಜ್ಜೆಗೇ ಎದೆ ನಡುಗುತ್ತದೆ.

● ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಸವಾರರು 1918ರ ಸೆಪ್ಟೆಂಬರ್ 23ರಂದು ಕುದುರೆಯೇರಿ ಹೋಗಿ ಹೈಫಾ ಪಟ್ಟಣವನ್ನು ಒಂದೇ ದಿನದಲ್ಲಿ ಗೆದ್ದರು. 2016ರಲ್ಲಿ ಐಸಿಸ್ ಉಗ್ರರಿಂದ ಮೊಸುಲ್ ನಗರ ಬಿಡಿಸಲು ಹೊರಟ ಇರಾಕಿನ ಸೇನೆಗೆ ಒಂಬತ್ತು ತಿಂಗಳು ಹಿಡಿಯಿತು. ಆಯುಧ ಬಲಿತಷ್ಟೂ ಬೀದಿ ಉದ್ದವಾಗುತ್ತಿದೆ.

● ಬಯಲಲ್ಲಿ ಸೈನಿಕ ಎದುರಿಗೆ ನೋಡಿದರಾಯಿತು. ಊರಲ್ಲಿ ಕಿಟಕಿ, ತಾರಸಿ, ಚರಂಡಿ, ಬಾಗಿಲ ಸಂದಿ, ತನ್ನ ಬೆನ್ನು ಎಲ್ಲವನ್ನೂ ನೋಡಬೇಕು. ಕಣ್ಣು ಎರಡೇ.

● 1987ರ ಅಕ್ಟೋಬರಿನಲ್ಲಿ ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಇಳಿದ ಭಾರತೀಯ ಸೇನೆಯ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಯೋಧರಲ್ಲಿ 29 ಮಂದಿ ಮಡಿದರು. ಅದೇ ತಿಂಗಳು ಅದೇ ಊರಿನ ಆಸ್ಪತ್ರೆಯಲ್ಲಿ ವೈದ್ಯರು, ದಾದಿಯರು, ರೋಗಿಗಳು ಗುಂಡಿಗೆ ಬಲಿಯಾದರು. ಒಂದಕ್ಕೆ ಅತ್ತು ಇನ್ನೊಂದನ್ನು ಮರೆತ ಕಣ್ಣೀರು ಅರ್ಧ ಕಣ್ಣೀರು.

● ಬೆಂಗಳೂರಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರ ನವೆಂಬರಿನಲ್ಲಿ ಉಗ್ರರ ದಾಳಿಗೆ ಸಿಕ್ಕ ಮುಂಬೈನ ತಾಜ್ ಹೋಟೆಲಿನೊಳಗೆ ಪ್ರಾಣ ಕೊಟ್ಟರು. ಅಂಥ ಕಡೆ ಮುಚ್ಚಿದ ಬಾಗಿಲ ಹಿಂದೆ ಇರುವವನು ಕೊಲೆಗಡುಕನೋ, ಅಡಗಿ ಕುಳಿತ ಅತಿಥಿಯೋ? ಆ ಸಂಶಯಕ್ಕಾಗಿ ಬೆರಳು ತಡೆಯುವವನು ತನ್ನ ಜೀವವನ್ನೇ ಪಣಕ್ಕಿಟ್ಟಿರುತ್ತಾನೆ.

● ನಾಗರಿಕರನ್ನು ಯೋಧರಿಂದ ಬೇರೆ ಮಾಡಿ ಕಾಣಬೇಕೆಂದು ಜಿನೀವಾ ಒಪ್ಪಂದಗಳ 1977ರ ಪ್ರೋಟೊಕಾಲ್ ವಿಧಿಸಿದೆ. ಹೊಗೆ ತುಂಬಿದ ಓಣಿಯಲ್ಲಿ ಆ ಇಡೀ ಕಾನೂನಿನ ಭಾರ ಇಪ್ಪತ್ತರ ಹುಡುಗನ ಒಂದು ಬೆರಳ ಮೇಲೆ ಬೀಳುತ್ತದೆ.

● ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಹೋದವನು ಶೆಲ್ ದಾಳಿಗೆ ಸಿಕ್ಕಿ ಸತ್ತ. ಮೂರು ವಾರಕ್ಕೆ ಬಂದ ದೇಹವನ್ನು ಹೆತ್ತವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಡಾಕ್ಟರಾಗಿ ಬರಬೇಕಿದ್ದ ಮಗ ಡಾಕ್ಟರಾಗುವ ಮಕ್ಕಳಿಗೆ ಪಾಠವಾದ.

● ಬಾಂಬಿಗೆ ಸತ್ತವರನ್ನು ಎಣಿಸುತ್ತಾರೆ. ನೀರಿನ ಪಂಪು ನಿಂತು, ಡಯಾಲಿಸಿಸ್ ಯಂತ್ರಕ್ಕೆ ಕರೆಂಟಿಲ್ಲದೆ ಸತ್ತವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

● ರಣರಂಗದಿಂದ ಊರಿಗೆ ಮರಳಿದವನನ್ನು ಪದಕದ ಬಗ್ಗೆ ಎಲ್ಲರೂ ಕೇಳುತ್ತಾರೆ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಒಬ್ಬರಾದರೂ ಕೇಳಬೇಕು.

● ಸಕಲೇಶಪುರದ ಪಕ್ಕದ ಆಲೂರು ಕಡೆ ಕಾಡಾನೆ ತೋಟಕ್ಕೆ ಇಳಿದ ರಾತ್ರಿ ಪಟಾಕಿ ಸಿಡಿಸುತ್ತಾರೆ. ಸದ್ದಿಗೆ ಬೆಚ್ಚಿ ಎದ್ದ, ತೋಟದ ಕಾರ್ಮಿಕರ ಲೈನ್ ಮನೆಯ ತಾಯಿ ಕತ್ತಲಲ್ಲೇ ಮಕ್ಕಳ ತಲೆ ತಡವುತ್ತಾಳೆ: ಒಂದು, ಎರಡು, ಮೂರು. ಲೆಕ್ಕ ಸರಿಹೋದರೆ ಮತ್ತೆ ಕಂಬಳಿ ಎಳೆದುಕೊಳ್ಳುತ್ತಾಳೆ. ಶೆಲ್ ಬೀಳುವ ಊರಿನ ತಾಯಿಯೂ ಹೀಗೇ ತಡವುತ್ತಾಳೆ. ಲೆಕ್ಕ ತಪ್ಪಿದರೆ ಅವಳಿಗೆ ಬೆಳಗಾಗುವುದಾದರೂ ಹೇಗೆ?

● ಯುದ್ಧದ ಊರಿನ ಮಕ್ಕಳು ನೆಲಮಾಳಿಗೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಮಂಜರಾಬಾದಿನಲ್ಲಿ ಮದ್ದು ಇಡುತ್ತಿದ್ದ ನೆಲಮಾಳಿಗೆಯ ಬಾಯಿಗೆ ಬಗ್ಗಿ ನಮ್ಮ ಮಕ್ಕಳು ಕೂಗು ಹಾಕಿ ನಗುತ್ತಾರೆ. ಲೋಕದ ಮದ್ದಿನ ಮನೆಗಳೆಲ್ಲ ಹೀಗೆ ಬರಿದಾಗಲಿ, ಮಕ್ಕಳ ಕೂಗು ತುಂಬಲಿ.