ಯಾನವೆಂಬ ಪರಿಗ್ರಹ

ಜೈನ ಶ್ರಾವಕಾಚಾರದ ಗ್ರಂಥಗಳು ಗೃಹಸ್ಥನ ಹೊರಗಿನ ಆಸ್ತಿಯನ್ನು ಹತ್ತು ಬಗೆಯಾಗಿ ಎಣಿಸುತ್ತವೆ: ಹೊಲ, ಮನೆ, ಧನ, ಧಾನ್ಯ, ಆಳುಕಾಳು, ದನಕರು, ಯಾನ, ಹಾಸಿಗೆ-ಮಣೆ, ಬಟ್ಟೆಬರೆ, ಪಾತ್ರೆಪಡಗ. ಏಳನೆಯದಾದ ಯಾನ ಅಂದಿಗೆ ಪಲ್ಲಕ್ಕಿ, ಎತ್ತಿನ ಬಂಡಿ. ಇಂದಿಗೆ, ಮಿಜಾರಿನ ಸಾಧಾರಣ ಮನೆಯೊಂದರ ಮಟ್ಟಿಗೆ, ಹತ್ತು ಹನ್ನೆರಡು ವರ್ಷ ಓಡಿದ ಒಮ್ನಿ, ಈಕೋ ಅಥವಾ ವ್ಯಾಗನ್‌ಆರ್. ಮುನಿಗೆ ಈ ಹತ್ತೂ ವರ್ಜ್ಯ. ಗೃಹಸ್ಥನಿಗೆ ಹಾಗಲ್ಲ, ಅವನು ಹಿಡಿಯಬೇಕಾದ ವ್ರತದ ಹೆಸರೇ ಪರಿಗ್ರಹ ಪರಿಮಾಣ, ಅಂದರೆ ಆಸ್ತಿಗೆ ಮಿತಿ. ಬೇಕೇ ಬೇಡವೇ ಎಂದು ಅದು ಕೇಳುವುದಿಲ್ಲ, ಎಷ್ಟು ಎಂದು ಕೇಳುತ್ತದೆ. ಕೈಯಲ್ಲಿ ಎರಡು ಲಕ್ಷ ಇಟ್ಟುಕೊಂಡು ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕುವ ಸಂಸಾರದ ಮುಂದಿರುವ ಪ್ರಶ್ನೆಯೂ ಇದೇ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಕೇಳದೆ ಇದ್ದ ದೋಷವನ್ನು ಮಾರುವವನು ತಾನಾಗಿ ಹೇಳಬೇಕೇ?

ಮಿಜಾರು ಇರುವುದು ಮಂಗಳೂರಿನಿಂದ ಕೈಕಂಬ, ಗಂಜಿಮಠ, ಎಡಪದವು ದಾಟಿ ಮೂಡುಬಿದಿರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರ ಮಗ್ಗುಲಲ್ಲಿ. ಹೆದ್ದಾರಿಯಲ್ಲಿ ಬಸ್ಸಿಗೆ ಬರವಿಲ್ಲ. ಆದರೆ ಮನೆಗಳು ಹೆದ್ದಾರಿಯ ಮೇಲಿಲ್ಲ. ಗುಡ್ಡೆಯ ಬುಡದಲ್ಲಿ, ಅಡಿಕೆ ತೋಟದ ಆಚೆ, ಮಣ್ಣಿನ ಏರುದಾರಿಯ ತುದಿಯಲ್ಲಿ ಇವೆ. ಮೊಣಕಾಲು ನೋವಿನ ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಆಟಿಯ ಮಳೆಯಲ್ಲಿ ಇಬ್ಬರು ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಲಾಗದು, ಹಿಂಡಿಯ ಗೋಣಿ ಮನೆಯ ಅಂಗಳಕ್ಕೆ ಬರಬೇಕು. ಇವು ಆಸೆಗಳಲ್ಲ, ಅಗತ್ಯಗಳು. ಹತ್ತಿರದ ಮೂಡುಬಿದಿರೆಯಲ್ಲಿ 18 ಬಸದಿಗಳಿವೆ, 1430ರ ಸಾವಿರ ಕಂಬದ ಬಸದಿ ಇದೆ, ಧವಳಾದಿ ಸಿದ್ಧಾಂತ ಗ್ರಂಥಗಳ ಓಲೆಗರಿಗಳನ್ನು ಶತಮಾನಗಳ ಕಾಲ ಕಾದಿಟ್ಟ ಗುರು ಬಸದಿ ಇದೆ. ಗೃಹಸ್ಥರ ಇಂಥ ಕಿರುವ್ರತಗಳಾದ ಅಣುವ್ರತಗಳ ಮಾತು ಈ ಊರಿಗೆ ಹೊರಗಿನದಲ್ಲ, ಜೈನರಲ್ಲದವರ ಕಿವಿಗೂ ಬಿದ್ದಿರುವಂಥದ್ದು.

ಪರಿಗ್ರಹ ಪರಿಮಾಣಕ್ಕೆ ತಗಲುವ ದೋಷಗಳನ್ನು ಅತಿಚಾರ ಎನ್ನುತ್ತಾರೆ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅವನ್ನು ಐದಾಗಿ ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಐದರಲ್ಲಿ ಎರಡು ನೇರವಾಗಿ ಬಂಡಿಯ ಮಾತು. ಅತಿವಾಹನವೆಂದರೆ ಎತ್ತು ತಾಳಲಾರದಷ್ಟು ದೂರ ಅದನ್ನು ಓಡಿಸುವುದು. ಅಗತ್ಯ ಮೀರಿ ವಾಹನ ಇಟ್ಟುಕೊಳ್ಳುವುದು ಎಂದೂ ಅರ್ಥ ಹೇಳುತ್ತಾರೆ. ಅತಿಭಾರವಹನವೆಂದರೆ ಹೊರೆ ಮೀರಿ ಹೇರುವುದು. ಎಂಜಿನ್ನಿಗೆ ನೋವಿಲ್ಲವಲ್ಲ, ಅದಕ್ಕೆ ಇದೆಲ್ಲ ಹೇಗೆ ಅನ್ವಯಿಸೀತು ಎಂದು ಕೇಳಬಹುದು. ಉತ್ತರ ಗ್ರಂಥದ ಜೋಡಣೆಯಲ್ಲೇ ಇದೆ. ಪ್ರಾಣಿಯ ಮೇಲೆ ಅತಿಭಾರ ಹೇರುವುದನ್ನು ಸಮಂತಭದ್ರರು ಅಹಿಂಸೆಯ ಅತಿಚಾರಗಳಲ್ಲಿ ಮೊದಲೇ ಸೇರಿಸಿದ್ದಾರೆ. ಅದೇ ಭಾರವನ್ನು ಪರಿಗ್ರಹದ ಕೆಳಗೆ ಮತ್ತೆ ತಂದುದಕ್ಕೆ ಕಾರಣವಿರಲೇಬೇಕು: ಮೊದಲ ಕಡೆ ಎತ್ತಿನ ಬೆನ್ನನ್ನು ನೋಡಿದರೆ, ಎರಡನೆಯ ಕಡೆ ಹೇರುವವನ ಮನಸ್ಸನ್ನು ನೋಡಿದ್ದಾರೆ. ಎತ್ತು ಹೋಗಿ ಎಂಜಿನ್ ಬಂದರೂ ಹೇರುವವನು ಅಲ್ಲೇ ಇದ್ದಾನೆ. (ಎತ್ತು-ಕೋಣಗಳ ಮಟ್ಟಿಗಂತೂ ಈ ಪ್ರಶ್ನೆ ಇಲ್ಲಿ ಹಳತಾಗಿಲ್ಲ. ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕಂಬಳದ ಕರೆಯಲ್ಲಿ ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ಸುದ್ದಿಯಾದರು. ಕಂಬಳ ನಡೆಯಬಹುದೇ ಎಂಬ ವಾದ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2023ರಲ್ಲಿ.)

ಬಜೆಟ್ಟಿಗೆ ಹೆಚ್ಚು ಅಪಾಯ ತರುವುದು ಮೂರನೆಯ ಅತಿಚಾರ, ವಿಸ್ಮಯ. ಇನ್ನೊಬ್ಬನ ಸಂಪತ್ತನ್ನು ಕಂಡು ಬೆರಗಾಗುವುದು. ನೆರೆಮನೆಗೆ ಹೊಸ ಕಾರು ಬಂದ ವಾರದಲ್ಲೇ ತಮಗೂ ಏಳು ಸೀಟಿನದು ಬೇಕೆನಿಸುತ್ತದೆ. ವರ್ಷಕ್ಕೊಮ್ಮೆ ಧರ್ಮಸ್ಥಳದ ಲಕ್ಷದೀಪಕ್ಕೋ ಎರಡು ಮದುವೆಗೋ ಏಳು ಸೀಟು ಬೇಕಾಗಬಹುದು. ಉಳಿದ ದಿನಗಳಲ್ಲಿ ಗಾಡಿಯಲ್ಲಿ ಕೂರುವವರು ಮೂವರು. ಆ ಮೂರು ದಿನಕ್ಕೆ ಬಾಡಿಗೆ ಜೀಪು ಸಾಕು. ಹಾಗೆಂದು ಐದು ಸೀಟಿನ ಗಾಡಿಗೆ ಒಂಬತ್ತು ಜನರನ್ನು ತುಂಬಿದರೆ ಅದು ಐದನೆಯ ಅತಿಚಾರ, ಜೊತೆಗೆ ದಂಡಕ್ಕೂ ದಾರಿ. ಪರಿಮಾಣವನ್ನು ಗಾಡಿ ನೋಡುವುದಕ್ಕೆ ಮೊದಲೇ ಗೊತ್ತು ಮಾಡಬೇಕು. ವ್ರತದ ಸ್ವಭಾವವೇ ಅದು: ವಸ್ತು ಎದುರಿಗೆ ಬಂದ ಮೇಲೆ ಹಾಕಿಕೊಂಡ ಮಿತಿ ಮಿತಿಯಲ್ಲ, ಚೌಕಾಸಿ. ಎರಡು ಲಕ್ಷವೆಂದರೆ ಗಾಡಿಯ ಬೆಲೆ ಎರಡು ಲಕ್ಷವೆಂದಲ್ಲ. ಹೆಸರು ಬದಲಾವಣೆ, ವಿಮೆ, ಟೈರು, ಬ್ಯಾಟರಿ, ಮೊದಲ ತಿಂಗಳ ಗ್ಯಾರೇಜು ಎಲ್ಲ ಅದರೊಳಗೆ. ಐದರಲ್ಲಿ ಒಂದು ಪಾಲನ್ನು ಮುಟ್ಟದೆ ಎತ್ತಿಟ್ಟು ಉಳಿದುದರಲ್ಲಿ ಹುಡುಕುವವರು ಕಡಿಮೆ ಪೇಚಾಡುತ್ತಾರೆ.

ಇನ್ನು ಎರಡನೆಯ ಪ್ರಶ್ನೆ, ಕೇಳದ ದೋಷವನ್ನು ಹೇಳಬೇಕೇ ಎಂಬುದು. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಮು ವಂಚನೆಯನ್ನು ವಿವರಿಸುವಾಗ ಒಂದು ಕುದುರೆಯನ್ನು ಎಳೆದು ತರುತ್ತದೆ. ಕುದುರೆಗೆ ರೋಗವಿದೆಯೆಂದು ತಿಳಿದೂ ಒಬ್ಬ ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ. ಕಾಯ್ದೆಯ ಪ್ರಕಾರ ಅದು ವಂಚನೆಯಲ್ಲ. ಕೊಳ್ಳುವವಳು ಅವನ ಮಗಳೇ ಆಗಿದ್ದು ಆಗತಾನೇ ಪ್ರಾಯಕ್ಕೆ ಬಂದಿದ್ದರೆ ಮಾತ್ರ ಹೇಳುವ ಹೊಣೆ ಅವನದು. ಅಥವಾ, ನೀನು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ ಎಂದು ಕೊಳ್ಳುವವನು ಬಾಯಿಬಿಟ್ಟು ಹೇಳಿದರೆ ಆಗ ಮೌನವೂ ಮಾತಾಗುತ್ತದೆ. ಮಿಜಾರಿಗೆ ಅಂಟಿಕೊಂಡ ಅಶ್ವತ್ಥಪುರದ ಹೆಸರಿನಲ್ಲಿರುವುದು ಅಶ್ವವಲ್ಲ, ಅರಳಿಮರ; ಆದರೂ ಕಾಯ್ದೆಯ ಈ ಕುದುರೆಯನ್ನು ಅಲ್ಲಿನ ಯಾವ ಗಾಡಿ ವ್ಯಾಪಾರದಲ್ಲೂ ಕಟ್ಟಿಹಾಕಬಹುದು. ಕೊಳ್ಳುವವರಿಗೆ ಇದರ ಉಪಯೋಗ ನೇರವಾದದ್ದು: ಗಾಡಿ ಅಪಘಾತವಾಗಿದೆಯೇ, ನೀರು ಕುಡಿದಿದೆಯೇ, ಸಾಲ ತೀರಿದೆಯೇ ಎಂದು ಇನ್ನೊಬ್ಬರ ಎದುರು ಕೇಳಿ, ಉತ್ತರವನ್ನು ಬರೆಸಿಕೊಳ್ಳಬೇಕು.

ಧರ್ಮಶಾಸ್ತ್ರಗಳು ಕಾಯ್ದೆಯಷ್ಟು ಸಡಿಲವಾಗಿಲ್ಲ. 13ನೆಯ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ಕೂಡ ಕುದುರೆಯನ್ನೇ ಹಿಡಿದ. ಒಕ್ಕಣ್ಣಿನ ಕುದುರೆಯ ದೋಷ ಕಣ್ಣಿಗೆ ಕಾಣುವಂಥದ್ದು. ಬೆಲೆಯನ್ನು ತಕ್ಕಂತೆ ಇಳಿಸಿದ್ದರೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೊಂಡವನಿಗೆ ನಷ್ಟವನ್ನೋ ಅಪಾಯವನ್ನೋ ತರುವ ಗುಪ್ತ ದೋಷವನ್ನು ಹೇಳಲೇಬೇಕು. ಇಸ್ಲಾಮಿನ ಪರಂಪರೆಯಲ್ಲಿ ಮದೀನಾದ ಪೇಟೆಯ ಪ್ರಸಂಗವೊಂದಿದೆ: ಪ್ರವಾದಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ಒದ್ದೆ ತಗಲಿತು; ಮಳೆಗೆ ನೆನೆದುದನ್ನು ಕಾಣುವಂತೆ ಮೇಲಿಡದೆ ಅಡಿಗೆ ಹಾಕಿದ್ದೇ ತಪ್ಪೆಂದು ವ್ಯಾಪಾರಿಗೆ ತಿಳಿಸಿದರು. ರೋಮಿನ ಸಿಸೆರೋ ಇದೇ ಪ್ರಶ್ನೆಯಲ್ಲಿ ಇಬ್ಬರು ಸ್ಟೋಯಿಕರ ಜಗಳವನ್ನು ದಾಖಲಿಸಿದ್ದಾನೆ. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ಡಯೋಜಿನೀಸ್. ಎರಡೂ ಒಂದೇ ಎಂದು ಆಂಟಿಪಾಟರ್. ಸಿಸೆರೋ ವಾಲಿದ್ದು ಆಂಟಿಪಾಟರನ ಕಡೆಗೆ.

ಜೈನ ವಿವೇಚನೆ ದೋಷ ಮುಚ್ಚಿಡುವುದನ್ನು ಸತ್ಯದ ಲೆಕ್ಕಕ್ಕಿಂತ ಹೆಚ್ಚಾಗಿ ಕಳವಿನ ಲೆಕ್ಕಕ್ಕೆ ಸೇರಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಅಚೌರ್ಯದ ಅತಿಚಾರಗಳು ಹಳೆ ಗಾಡಿಯ ಪೇಟೆಯನ್ನು ನೋಡಿಯೇ ಬರೆದಂತಿವೆ. ಹೀನಾಧಿಕ ಮಾನೋನ್ಮಾನವೆಂದರೆ ಕೊಳಗ-ತಕ್ಕಡಿಯಲ್ಲಿ ಮೋಸ; ಮೀಟರ್ ತಿರುಗಿಸಿ ಒಂದೂವರೆ ಲಕ್ಷ ಕಿಲೋಮೀಟರನ್ನು ಅರುವತ್ತು ಸಾವಿರ ಮಾಡುವುದು ಅದೇ. ಪ್ರತಿರೂಪಕ ವ್ಯವಹಾರವೆಂದರೆ ಕೀಳಾದುದನ್ನು ಮೇಲಾದುದರ ರೂಪದಲ್ಲಿ ದಾಟಿಸುವುದು. ನುಜ್ಜಾದ ಗಾಡಿಗೆ ಟಿಂಕರಿಂಗ್ ಮಾಡಿಸಿ, ಪುಟ್ಟಿ ಮೆತ್ತಿ, ಪೇಂಟ್ ಹೊಡೆದು ಸಿಂಗಲ್ ಓನರ್, ಒಂದು ಗೀರೂ ಇಲ್ಲ ಎನ್ನುವುದು. ವಿರುದ್ಧ ರಾಜ್ಯಾತಿಕ್ರಮಕ್ಕೆ ವ್ಯಾಖ್ಯಾನಗಳು ಹಲವು, ಇಂದಿನ ವಿವರಣೆಗಳಲ್ಲಿ ತೆರಿಗೆ ತಪ್ಪಿಸುವುದೂ ಸೇರುತ್ತದೆ. ಕಾಸರಗೋಡಿನ ಕೆಎಲ್ 14 ನಂಬರಿನ ಗಾಡಿಯನ್ನು ಎನ್‌ಒಸಿ ತರದೆ, ಕರ್ನಾಟಕದ ತೆರಿಗೆ ಕಟ್ಟದೆ ವರ್ಷಗಟ್ಟಲೆ ಇಲ್ಲೇ ಓಡಿಸುವುದು ಅದಕ್ಕೆ ಉದಾಹರಣೆ. ಸುಳ್ಳು ಸರ್ವಿಸ್ ಪುಸ್ತಕ ಮಾತ್ರ ಸತ್ಯವ್ರತದ ಪಟ್ಟಿಗೆ ಹೋಗುತ್ತದೆ. ಅಲ್ಲಿ ಅದರ ಹೆಸರು ಕೂಟಲೇಖ ಕ್ರಿಯೆ.

ಕಾಣುವ ದೋಷ, ಕಾಣದ ದೋಷ ಎಂಬ ಅಕ್ವಿನಾಸನ ಗೆರೆ ಕರಾವಳಿಯಲ್ಲಿ ಎಲ್ಲಿ ಬೀಳುತ್ತದೆಂಬುದನ್ನು ಗಾಡಿಯ ಬಳಿಗೆ ಹೋಗಿಯೇ ನೋಡಬೇಕು. ಚಾಲಕನ ಕಾಲಡಿಯ ಮ್ಯಾಟನ್ನು ಎತ್ತಿ, ಅದರ ಕೆಳಗಿನ ನೆಲಹಾಸಿನ ಅಂಚನ್ನು ಎಳೆದು, ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಹಪ್ಪಳದಂತೆ ಕರಕರ ಎನ್ನುತ್ತದೆ. ನಾಲ್ಕು ತಿಂಗಳ ಮಳೆ, ಒದ್ದೆ ಚಪ್ಪಲಿ, ಜಂಬಿಟ್ಟಿಗೆಯ ಕೆಸರು ಇವೆಲ್ಲ ಸೇರಿ ಕೆಲಸ ಮಾಡುವುದು ಅಲ್ಲೇ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದಾಗ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಕಂಡರೆ ಗಾಡಿ ನೀರಿನಲ್ಲಿ ನಿಂತಿತ್ತೆಂದು ಅರ್ಥ. ನೇತ್ರಾವತಿ ಏರಿದಾಗ ಬಂಟ್ವಾಳ ಪೇಟೆಗೆ ನೀರು ನುಗ್ಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಬಾಗಿಲಿನ ಉದ್ದಕ್ಕೂ ಹಿಡಿದಾಗ ಅದು ಒಂದೆಡೆ ಜಾರಿದರೆ ಅಲ್ಲಿ ತಗಡಿನ ಮೇಲೆ ದಪ್ಪ ಪುಟ್ಟಿ ಇದೆ. ಮೀಟರು ಅರುವತ್ತು ಸಾವಿರ ತೋರಿಸಿ, ಬ್ರೇಕ್ ಪೆಡಲಿನ ರಬ್ಬರು ಮಾತ್ರ ನುಣ್ಣಗೆ ಸವೆದಿದ್ದರೆ ಪೆಡಲನ್ನೇ ನಂಬುವುದು ಲೇಸು. ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನೇ ಮೊದಲು ಚಾಲೂ ಮಾಡಿಸಬೇಕು. ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಉರಿಯುತ್ತಿದೆ. ಆಮೇಲೆ ಮನೆಯ ಏರುದಾರಿಯಂಥದೇ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮತ್ತೆ ಎತ್ತಿಸಬೇಕು. ಇಷ್ಟೂ ಅರ್ಧ ಗಂಟೆಯ ಕೆಲಸ. ಗೊತ್ತಿರುವ ಮೆಕ್ಯಾನಿಕ್ ಜೊತೆಗಿದ್ದರೆ, ಅವನಿಗೆ ಕೊಡುವ ಐನೂರು ರೂಪಾಯಿ ಆ ದಿನದ ಅತ್ಯಂತ ಒಳ್ಳೆಯ ಖರ್ಚು.

ಇಷ್ಟಾಗಿಯೂ ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೆ ಗೊತ್ತಾಗುವುದಿಲ್ಲ. ಈ ಅಂತರವೇ ಪೇಟೆಯನ್ನು ಕೆಡಿಸುತ್ತದೆ ಎಂದು ಜಾರ್ಜ್ ಅಕರ್‌ಲಾಫ್ 1970ರ ಪ್ರಬಂಧದಲ್ಲಿ ಹಳೆ ಕಾರುಗಳನ್ನೇ ಮುಂದಿಟ್ಟು ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ತಿಳಿಯದ ಗಿರಾಕಿ ನಡುವಿನ ಬೆಲೆಯನ್ನಷ್ಟೇ ಕೊಡುತ್ತಾನೆ, ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲೊಪ್ಪದೆ ಹಿಂದೆ ಸರಿಯುತ್ತಾನೆ, ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಅಮೆರಿಕದ ಆಡುಮಾತಿನಲ್ಲಿ ಇಂಥ ಕೆಟ್ಟ ಗಾಡಿಗೆ ನಿಂಬೆಹಣ್ಣು ಎನ್ನುತ್ತಾರೆ. ಇಲ್ಲಿ ನಿಂಬೆಹಣ್ಣನ್ನು ಚಕ್ರದಡಿ ಇಟ್ಟು ಗಾಡಿ ಹತ್ತಿಸುತ್ತಾರೆ. ಡಯೋಜಿನೀಸನ ವಾದಕ್ಕೆ ಅಕರ್‌ಲಾಫರಲ್ಲಿ ಒಂದು ಉತ್ತರವಿದೆ. ಮೌನ ಕೊಂಡವನೊಬ್ಬನನ್ನು ಮಾತ್ರ ಮೋಸಗೊಳಿಸುವುದಿಲ್ಲ. ತನ್ನ ಗಾಡಿಯನ್ನು ಸರಿಯಾಗಿಟ್ಟುಕೊಂಡ ಮೂರನೆಯವನ ಬೆಲೆಯನ್ನೂ ಕದಿಯುತ್ತದೆ. ಅದನ್ನು ಕಳವಿನ ಲೆಕ್ಕಕ್ಕೆ ಸೇರಿಸಿದ ಜೈನ ವಿಂಗಡಣೆ ಸರಿಯೆನಿಸುವುದು ಇಲ್ಲಿ.

ನಿಂಬೆಹಣ್ಣಿನ ಮಾತು ವಾಹನ ಪೂಜೆಗೆ ಬರುತ್ತದೆ. ಗಾಡಿ ಕೈಗೆ ಬಂದ ದಿನ ಕಟೀಲಿಗೋ ಊರಿನ ದೇವಸ್ಥಾನಕ್ಕೋ ಒಯ್ಯುವುದು ವಾಡಿಕೆ. ಹಿಂದಿನ ಒಡೆಯನ ದೋಷ, ಅಪಘಾತದ ಅಶುಭ ಇದರಿಂದ ತೊಳೆದುಹೋಗುತ್ತದೆ ಎಂಬ ನಂಬಿಕೆಯೂ ಇದೆ. ತುಳುನಾಡಿನ ಒಳ ಸಂಪ್ರದಾಯ ಮಾತ್ರ ಇಷ್ಟು ಸುಲಭವಾಗಿ ಬಿಡುವಂಥದ್ದಲ್ಲ. ದೈವಗಳನ್ನು ತುಳುವಿನಲ್ಲಿ ಸತ್ಯೊಲು ಎನ್ನುತ್ತಾರೆ. ವ್ಯವಹಾರದಲ್ಲಿ ಮಾತು ತಪ್ಪಿದಾಗ ಕಾನತ್ತೂರಿನ ದೈವಸ್ಥಾನಕ್ಕೆ ಹೋಗಿ ಪ್ರಮಾಣ ಮಾಡಿಸುವುದು, ಕಳೆದುಹೋದುದಕ್ಕೆ ಪಣೋಲಿಬೈಲಿನ ಕಲ್ಲುರ್ಟಿ ದೈವಕ್ಕೆ ಹರಕೆ ಹೇಳುವುದು ಇಂದಿಗೂ ನಡೆದಿದೆ. ಅಲ್ಲಿ ದೈವ ವಸ್ತುವನ್ನು ಶುದ್ಧ ಮಾಡುವುದಿಲ್ಲ, ಮಾತನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಪೂಜೆ ಬ್ರೇಕನ್ನು ರಿಪೇರಿ ಮಾಡದು ಎಂಬುದು ಭಕ್ತನಿಗೂ ಗೊತ್ತು.

ದೋಷವೆಲ್ಲ ಮಾರುವವನದೇ ಅಲ್ಲ. ಅಚೌರ್ಯದ ಪಟ್ಟಿಯಲ್ಲೇ ಇರುವ ತದಾಹೃತಾದಾನ, ಅಂದರೆ ಕದ್ದುದನ್ನು ಕೊಳ್ಳುವುದು, ಕೊಳ್ಳುವವನ ಅತಿಚಾರ. ಪೇಟೆಯ ದರಕ್ಕಿಂತ ಐವತ್ತು ಸಾವಿರ ಕಡಿಮೆಗೆ, ಆರ್‌ಸಿ ಆಮೇಲೆ ಕೊಡುತ್ತೇನೆ ಎಂಬ ಷರತ್ತಿನ ಮೇಲೆ ಬರುವ ಗಾಡಿಯನ್ನು ಕೊಳ್ಳುವವನು ಮೋಸಹೋದೆನೆಂದು ಅಳುವ ಹಕ್ಕನ್ನು ಅರ್ಧ ಕಳೆದುಕೊಂಡಿರುತ್ತಾನೆ. ಚಾಸಿಯ ಮೇಲೆ ಕೊರೆದ ನಂಬರು ಆರ್‌ಸಿಯೊಡನೆ ತಾಳೆಯಾಗದಿದ್ದರೆ ಅಲ್ಲಿಂದ ಎದ್ದು ಬರಬೇಕು. ಆಸ್ಪತ್ರೆ ಖರ್ಚಿಗೆ ತುರ್ತಾಗಿ ಮಾರುವವನ ಕಷ್ಟ ತಿಳಿದು ಬೆಲೆ ಹಿಂಡುವುದು ಆ ಪಟ್ಟಿಯಲ್ಲಿ ಹೆಸರು ಹಿಡಿದು ಇಲ್ಲ. ಆದರೆ ಪರಿಗ್ರಹ ಪರಿಮಾಣದ ಪಟ್ಟಿಯಲ್ಲಿರುವ ಲೋಭ ಎಂಬ ನಾಲ್ಕನೆಯ ಅತಿಚಾರದಿಂದ ಅದು ತಪ್ಪಿಸಿಕೊಳ್ಳುವುದು ಕಷ್ಟ.

ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ, ತನ್ನದೆಂಬ ಅಂಟು ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಕಾನೂನು ಇದಕ್ಕೆ ತಲೆಕೆಳಗು. ಮಾರಿದವನ ಮನಸ್ಸು ಗಾಡಿಯನ್ನು ಎಂದೋ ಬಿಟ್ಟಿರಬಹುದು. ಆರ್‌ಸಿಯಲ್ಲಿ ಹೆಸರು ಉಳಿದಿದ್ದರೆ ಅವನೇ ಒಡೆಯ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದ್ದು ಇದನ್ನೇ: ಗಾಡಿ ಕೈಯಿಂದ ಕೈಗೆ ಮಾರಾಟವಾಗಿ ಹೋಗಿದ್ದರೂ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವನದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಬದಲಿಸಲು ಕೊಂಡವನು 14 ದಿನಗಳೊಳಗೆ ಅರ್ಜಿ ಕೊಡಬೇಕು. ಫಾರ್ಮ್ 29 ಮತ್ತು 30ಕ್ಕೆ ಬೇಕಾದ ಸಹಿಗಳನ್ನು ಹಾಕಿ, ಸಾಲವಿದ್ದರೆ ಫಾರ್ಮ್ 35ರಲ್ಲಿ ಅದು ತೀರಿದೆಯೆಂದು ಬ್ಯಾಂಕಿನಿಂದ ಬರೆಸಿಕೊಂಡು, ಆರ್‌ಸಿಯಲ್ಲಿ ಹೊಸ ಹೆಸರು ಬರುವವರೆಗೆ, ಗಾಡಿ ಯಾರ ಅಂಗಳದಲ್ಲಿ ನಿಂತಿದ್ದರೂ, ಅದು ಹಳೆಯ ಒಡೆಯನ ಯಾನವೇ.